ಕೊಂಡಿ ಆಧಾರಿತ ಶ್ರೇಯಾಂಕ

ಒಂದು ಜಾಲಪುಟದತ್ತ ಬೇರೆ ಪುಟಗಳಿಂದ ಬರುವ ಕೊಂಡಿಗಳನ್ನು (ಲಿಂಕ್) ನೋಡಿ, ಹುಡುಕಾಟದ ಫಲಿತಾಂಶಗಳಲ್ಲಿ ಅದಕ್ಕೆ ಸ್ಥಾನ ಕೊಡುವ ವಿಧಾನ. ಇಂಥ ಕೊಂಡಿಗಳನ್ನು ಬೇಕೆಂದೇ ಸಂಪಾದಿಸುವ ಕಸುಬಿಗೆ ಲಿಂಕ್ ಬಿಲ್ಡಿಂಗ್ ಎಂದು ಹೆಸರು. ಈ ವಿಧಾನದ ಚರಿತ್ರೆಯನ್ನು ಎಣಿಕೆಯ ಚರಿತ್ರೆಯಾಗಿ ಹೇಳುವುದು ರೂಢಿ. ಆದರೆ ಅದರ ಕಗ್ಗಂಟು ಎಣಿಕೆಯಲ್ಲಿಲ್ಲ. ಕೊಂಡಿ ಕೊಟ್ಟವರು ಒಬ್ಬರಿಗೊಬ್ಬರು ಸಂಬಂಧವಿಲ್ಲದವರೇ ಎಂದು ತಿಳಿಯುವುದರಲ್ಲಿದೆ.

ಹಿನ್ನೆಲೆ

ಬೇರು ಗ್ರಂಥಾಲಯ ವಿಜ್ಞಾನದಲ್ಲಿದೆ. ಯಾವ ಸಂಶೋಧನ ಲೇಖನವನ್ನು ಯಾರು ಉಲ್ಲೇಖಿಸಿದ್ದಾರೆಂದು ತೋರಿಸುವ ಸೈನ್ಸ್ ಸೈಟೇಶನ್ ಇಂಡೆಕ್ಸ್ ಅನ್ನು ಯುಜೀನ್ ಗಾರ್ಫೀಲ್ಡ್ 1964ರಲ್ಲಿ ಹೊರತಂದರು. ಗಣ್ಯ ಪತ್ರಿಕೆಯ ಉಲ್ಲೇಖಕ್ಕೆ ಹೆಚ್ಚು ತೂಕ ಸಲ್ಲಬೇಕೆಂಬ ಗಣಿತವನ್ನು ಪಿನ್‌ಸ್ಕಿ ಮತ್ತು ನಾರಿನ್ 1976ರಲ್ಲಿ ಮುಂದಿಟ್ಟರು. ಸ್ಟ್ಯಾನ್‌ಫರ್ಡ್‌ನ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ರೂಪಿಸಿದ ಪೇಜ್‌ರ‍್ಯಾಂಕ್ ಇದೇ ತತ್ತ್ವವನ್ನು ಜಾಲಕ್ಕೆ ಅನ್ವಯಿಸಿತು. ಪ್ರತಿ ಪುಟವೂ ತನ್ನ ತೂಕವನ್ನು ತಾನು ಕೊಟ್ಟ ಕೊಂಡಿಗಳಿಗೆ ಹಂಚುತ್ತದೆ. ಸಿಕ್ಕಸಿಕ್ಕ ಕೊಂಡಿ ಒತ್ತುತ್ತ ಹೋಗುವ ಓದುಗ ಎಲ್ಲೋ ಬೇಸತ್ತು ಬೇರೆಡೆಗೆ ಜಿಗಿಯುತ್ತಾನೆಂಬ ಊಹೆಗಾಗಿ 0.85ರ ಗುಣಾಂಕವನ್ನು ಸೇರಿಸಲಾಯಿತು. ಈ ವಿವರಗಳಿದ್ದ ಪ್ರಬಂಧ 1998ರಲ್ಲಿ ಪ್ರಕಟವಾಯಿತು. ಅದೇ ವರ್ಷ ಗೂಗಲ್ ಸಂಸ್ಥೆ ಹುಟ್ಟಿತು.

ಹಿಲ್‌ಟಾಪ್ ಮತ್ತು ನಂಟಿನ ಪ್ರಶ್ನೆ

ಒಂದೇ ಮನೆಯ ಹತ್ತು ಮಂದಿ ಹೇಳಿದರೂ ಅದು ಒಂದೇ ಸಾಕ್ಷಿ. ಅದನ್ನು ಹತ್ತು ಸಾಕ್ಷಿಯೆಂದು ಎಣಿಸುವ ದೋಷವನ್ನು ಮೊದಲು ಗಂಭೀರವಾಗಿ ಕೈಗೆತ್ತಿಕೊಂಡವರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕೃಷ್ಣ ಭರತ್ ಒಬ್ಬರು. ಮೋನಿಕಾ ಹೆನ್‌ಜಿಂಗರ್ ಜೊತೆ 1998ರಲ್ಲಿ ಬರೆದ ಪ್ರಬಂಧದಲ್ಲಿ ಅವರು ಸೂಚಿಸಿದ ಪರಿಹಾರ ಸರಳ: ಒಂದು ತಾಣದ ಹಲವು ಪುಟಗಳು ಬೇರೊಂದು ತಾಣದ ಒಂದೇ ಪುಟವನ್ನು ತೋರಿಸಿದರೆ, ಅವೆಲ್ಲ ಸೇರಿ ಒಂದು ಮತವನ್ನು ಹಂಚಿಕೊಳ್ಳಬೇಕು.

ಭರತ್ ಅವರು ಜಾರ್ಜ್ ಮಿಹೈಲಾ ಜೊತೆ ರೂಪಿಸಿದ ಹಿಲ್‌ಟಾಪ್ ಎಂಬ ಶ್ರೇಯಾಂಕ ವಿಧಾನ ಇನ್ನೂ ಕಟ್ಟುನಿಟ್ಟಿನದು. ಐಪಿ ವಿಳಾಸದ ಮೊದಲ ಮೂರು ಭಾಗ ಒಂದೇ ಆಗಿದ್ದರೆ ಎರಡು ತಾಣಗಳು ನಂಟರು. ಡಾಟ್ ಕಾಂನಂಥ ಸಾಮಾನ್ಯ ಬಾಲ ಕತ್ತರಿಸಿದ ಮೇಲೆ ಉಳಿಯುವ ಕೊನೆಯ ಪದ ಒಂದೇ ಆಗಿದ್ದರೂ ನಂಟರೇ. ಐಬಿಎಂನ ಅಮೆರಿಕ ಮತ್ತು ಮೆಕ್ಸಿಕೊ ತಾಣಗಳು ಹೀಗೆ ಒಂದಾಗುತ್ತವೆ. ನಂಟು ಸಾಗುತ್ತ ಹೋಗುತ್ತದೆ: ಮೊದಲನೆಯದಕ್ಕೆ ಎರಡನೆಯದು, ಎರಡನೆಯದಕ್ಕೆ ಮೂರನೆಯದು ನಂಟಾದರೆ ಮೊದಲನೆಯದೂ ಮೂರನೆಯದೂ ನಂಟರು. ಪರಸ್ಪರ ನಂಟಿಲ್ಲದ ಹಲವು ತಾಣಗಳಿಗೆ ಕೊಂಡಿ ಕೊಟ್ಟ, ಒಂದು ವಿಷಯಕ್ಕೆ ಮೀಸಲಾದ ಪುಟ ‘ತಜ್ಞ’ ಎನಿಸುತ್ತದೆ. ನಂಟಿಲ್ಲದ ಇಬ್ಬರು ತಜ್ಞರಾದರೂ ತೋರಿಸದ ಪುಟಕ್ಕೆ ಅಂಕವೇ ಇಲ್ಲ. ಸಾಕಷ್ಟು ತಜ್ಞರು ಸಿಗದಿದ್ದರೆ ಹಿಲ್‌ಟಾಪ್ ಉತ್ತರವನ್ನೇ ಕೊಡುವುದಿಲ್ಲ. ಜನಪ್ರಿಯ ವಿಷಯಗಳಾಚೆ ಇದು ದೊಡ್ಡ ಮಿತಿ. ಪ್ರಾಮಾಣಿಕ ಮೌನವೂ ಹೌದು. 2003ರ ನವೆಂಬರ್‌ನಲ್ಲಿ ಗೂಗಲ್ ಫಲಿತಾಂಶಗಳು ತಲೆಕೆಳಗಾದಾಗ ಹಿಲ್‌ಟಾಪ್ ಬಳಕೆಗೆ ಬಂದಿದೆಯೆಂದು ಹಲವರು ಊಹಿಸಿದರು. ಊಹೆಗೆ ಅಧಿಕೃತ ಆಧಾರವಿಲ್ಲ.

ಹೊಸ ತಾಣಗಳು

ಶೋಧಯಂತ್ರದ ಕ್ರಾಲರ್ (ಜಾಲಪುಟಗಳನ್ನು ತಡಕುವ ತಂತ್ರಾಂಶ) ಹೊಸ ತಾಣವನ್ನು ಪತ್ತೆಹಚ್ಚುವುದು ಬೇರೆಡೆಯ ಕೊಂಡಿಯಿಂದ, ಇಲ್ಲವೇ ತಾಣದವರು ಸಲ್ಲಿಸಿದ ಸೈಟ್‌ಮ್ಯಾಪ್‌ನಿಂದ. ಪತ್ತೆಯಾದ ಮಾತ್ರಕ್ಕೆ ಸೂಚಿಯಲ್ಲಿ ಸೇರಬೇಕೆಂದಿಲ್ಲ. ಸೇರಿದ ಮಾತ್ರಕ್ಕೆ ಮೇಲೇರಬೇಕೆಂದೂ ಇಲ್ಲ. ಹೊಸ ತಾಣಗಳನ್ನು ಗೂಗಲ್ ಕೆಲ ತಿಂಗಳು ತಡೆಹಿಡಿಯುತ್ತದೆಂಬ ‘ಸ್ಯಾಂಡ್‌ಬಾಕ್ಸ್’ ನಂಬಿಕೆ 2004ರಿಂದ ಚಾಲ್ತಿಯಲ್ಲಿದೆ. ಸಂಸ್ಥೆ ಅಲ್ಲಗಳೆಯುತ್ತ ಬಂದಿದೆ. 2005ರಲ್ಲಿ ಬಹಿರಂಗವಾದ ಅದರ ಪೇಟೆಂಟ್ ಅರ್ಜಿ ಪುಟದ ವಯಸ್ಸನ್ನೂ ಕೊಂಡಿಗಳು ಬೆಳೆದ ವೇಗವನ್ನೂ ಗಮನಿಸುವ ಸಾಧ್ಯತೆ ವಿವರಿಸಿತ್ತು. 2024ರಲ್ಲಿ ಸೋರಿದ ಆಂತರಿಕ ದಾಖಲೆಗಳಲ್ಲಿ ತಾಣದ ವಯಸ್ಸನ್ನು ಹೊಸ ಸ್ಪ್ಯಾಮ್ ತಡೆಯಲು ಬಳಸುವ ಉಲ್ಲೇಖವಿತ್ತು. ಎಲ್ಲ ಹೊಸ ತಾಣಗಳಿಗೂ ತಡೆಯಿದೆ ಎಂದು ಇದರಿಂದ ಸಿದ್ಧವಾಗುವುದಿಲ್ಲ. ನಂಟಿಲ್ಲದವರ ಕೊಂಡಿಗಳು ಇನ್ನೂ ಬಂದಿಲ್ಲದಿರುವುದೇ ಬಹುಪಾಲು ತಾಣಗಳ ವಿಷಯದಲ್ಲಿ ಸಾಕಾದ ಕಾರಣವೆನಿಸುತ್ತದೆ.

ಕೊಂಡಿಗಳ ವ್ಯಾಪಾರ

ಗೂಗಲ್ ಟೂಲ್‌ಬಾರ್ 2000ದಿಂದ ಪೇಜ್‌ರ‍್ಯಾಂಕ್ ಅನ್ನು 0ಯಿಂದ 10ರ ಅಂಕವಾಗಿ ಬಯಲಿಗಿಟ್ಟಿತು. ಅಂಕ ಕಣ್ಣಿಗೆ ಕಂಡದ್ದೇ ಕೊಂಡಿಗೆ ಬೆಲೆ ಕಟ್ಟುವುದು ಸುಲಭವಾಯಿತು. ಸಾರ್ವಜನಿಕ ಪ್ರದರ್ಶನ ನಿಂತದ್ದು 2016ರಲ್ಲಿ. ಮತವೆಂದು ಎಣಿಸಬಾರದ ಕೊಂಡಿಗೆ ‘ನೋಫಾಲೋ’ ಗುರುತು 2005ರಲ್ಲಿ ಬಂತು. ಹಣ ಪಡೆದ ಕೊಂಡಿಗೆ ‘ಸ್ಪಾನ್ಸರ್ಡ್’ ಗುರುತನ್ನು 2019ರಲ್ಲಿ ಸೇರಿಸಲಾಯಿತು. ಜಾಹೀರಾತಿಗಾಗಿ ಕೊಂಡಿ ಕೊಳ್ಳುವುದನ್ನು ಗೂಗಲ್ ಆಕ್ಷೇಪಿಸುವುದಿಲ್ಲ. ಗುರುತು ಹಾಕದೆ ಶ್ರೇಯಾಂಕಕ್ಕಾಗಿ ಕೊಳ್ಳುವುದು ನಿಯಮಬಾಹಿರ.

2012ರ ಏಪ್ರಿಲ್‌ನಲ್ಲಿ ಬಂದ, ಪೆಂಗ್ವಿನ್ ಎಂಬ ಗೂಗಲ್‌ನ ಶ್ರೇಯಾಂಕ ಬದಲಾವಣೆ ಕೃತಕ ಕೊಂಡಿಗಳಿದ್ದ ತಾಣಗಳನ್ನು ಕೆಳಕ್ಕೆ ತಳ್ಳಿತು. 2016ರ ಪರಿಷ್ಕರಣೆಯ ಬಳಿಕ ಇಡೀ ತಾಣವನ್ನು ಶಿಕ್ಷಿಸುವುದಕ್ಕಿಂತ ಅಂಥ ಕೊಂಡಿಗಳ ಬೆಲೆಯನ್ನು ಇಳಿಸುವುದೇ ಅದರ ಕ್ರಮವಾಯಿತು.

ರಷ್ಯಾದ ಯಾಂಡೆಕ್ಸ್ ಇನ್ನೊಂದು ದಾರಿ ಹಿಡಿಯಿತು. 2014ರಲ್ಲಿ ಮಾಸ್ಕೋ ಪ್ರದೇಶದ ಕೆಲವು ವಾಣಿಜ್ಯ ಹುಡುಕಾಟಗಳಿಗೆ ಕೊಂಡಿಗಳ ಲೆಕ್ಕವನ್ನೇ ಕೈಬಿಟ್ಟಿತು. ಆದರೂ ಕೊಂಡಿಗಳ ಮಾರಾಟ ನಿಲ್ಲಲಿಲ್ಲ. 2015ರ ಮೇ ತಿಂಗಳಲ್ಲಿ ಮಿನುಸಿನ್ಸ್ಕ್ ಎಂಬ ಹೆಸರಿನಲ್ಲಿ ಕೊಂಡಿಗಳು ಮತ್ತೆ ಲೆಕ್ಕಕ್ಕೆ ಬಂದವು, ಈ ಸಲ ಕೊಂಡವರ ಸ್ಥಾನ ಇಳಿಸುವುದಕ್ಕಾಗಿ.