ಕೈ ಮೇಲಿನ ಹಚ್ಚೆ

ಒಬ್ಬ ಹುಡುಗ. ಬಾಂಬೆಯ ರಸ್ತೆಬದಿಯಲ್ಲಿ ಬೂಟ್ ಪಾಲಿಶ್ ಮಾಡ್ತಾನೆ. ಕಾರಿನಲ್ಲಿ ಓಡಾಡೋ ಮನುಷ್ಯ ಕಾಸು ಎಸೀತಾನೆ. ಹುಡುಗ ಎತ್ಕೊಳ್ಳಲ್ಲ. ಕೈಗೆ ಕೊಡಿ ಅಂತಾನೆ.

1975ರ ಜನವರಿಯಲ್ಲಿ ತೆರೆಗೆ ಬಂದ ‘ದೀವಾರ್’ ಚಿತ್ರದ ದೃಶ್ಯ ಇದು. ಬರೆದವರು ಸಲೀಂ-ಜಾವೇದ್, ನಿರ್ದೇಶನ ಯಶ್ ಚೋಪ್ರಾ. ಎಮರ್ಜೆನ್ಸಿ ಬರೋಕೆ ಇನ್ನೂ ಐದು ತಿಂಗಳಿತ್ತು. ದೇಶದ ಹೊಟ್ಟೆಯಲ್ಲಿ ಸಿಟ್ಟು ಕುದೀತಾ ಇತ್ತು. ಆ ಸಿಟ್ಟಿಗೆ ಅಮಿತಾಭ್ ಬಚ್ಚನ್ ಮುಖ ಸಿಕ್ಕಿತು.

ಅದಕ್ಕೂ 34 ವರ್ಷ ಮೊದಲು, 1941ರಲ್ಲಿ, ಆರ್ಸನ್ ವೆಲ್ಸ್ ‘ಸಿಟಿಜನ್ ಕೇನ್’ ಮಾಡಿದ್ದ. ಅಲ್ಲಿ ನಾಯಕ ಸಾಯೋವಾಗ ಹೇಳಿದ ಒಂದೇ ಪದದ ಅರ್ಥ ಹುಡುಕಿಕೊಂಡು ವರದಿಗಾರ ಅಲೀತಾನೆ. ಅವನಿಗೆ ಕೊನೆಗೂ ಸಿಗಲ್ಲ. ಪ್ರೇಕ್ಷಕರಿಗೆ ಮಾತ್ರ ಸಿಗುತ್ತೆ, ಬೆಂಕಿಯಲ್ಲಿ ಉರಿಯೋ ಒಂದು ಮಕ್ಕಳ ಆಟದ ಬಂಡಿಯಲ್ಲಿ. ವರದಿಗಾರರಿಗೆ ಸಿಗಲ್ಲ ಅನ್ನೋದು ನಮ್ಮಂಥವರಿಗೆ ಸ್ವಲ್ಪ ಚುಚ್ಚುತ್ತೆ, ಇರಲಿ!

ಸಲೀಂ-ಜಾವೇದ್ ಉಲ್ಟಾ ಮಾಡಿದರು. ಕಾರಣವನ್ನ ಮೊದಲೇ ಕೊಟ್ಟುಬಿಟ್ಟರು. ಕಾರ್ಮಿಕ ನಾಯಕನಾದ ಅಪ್ಪ, ಹೆಂಡತಿ ಮಕ್ಕಳ ಜೀವಕ್ಕೆ ಹೆದರಿ ಮಾಲೀಕರ ಕಾಗದಕ್ಕೆ ಸಹಿ ಹಾಕ್ತಾನೆ. ಊರು ಬಿಟ್ಟು ಹೋಗ್ತಾನೆ. ಜನ ಹಿರಿಮಗನನ್ನ ಹಿಡಿದು, ನನ್ನಪ್ಪ ಕಳ್ಳ ಅಂತ ಕೈ ಮೇಲೆ ಹಚ್ಚೆ ಹಾಕ್ತಾರೆ. ಅಲ್ಲಿಂದಾಚೆ ವಿಜಯ್ ಯಾಕೆ ಹೀಗೆ ಅಂತ ಯಾರೂ ಭಾಷಣ ಮಾಡೋ ಹಾಗಿಲ್ಲ. ದೊಡ್ಡವನಾದ ಮೇಲೂ ಎಸೆದ ದುಡ್ಡು ಎತ್ಕೊಳ್ಳಲ್ಲ. ಅಮ್ಮ ಇಟ್ಟಿಗೆ ಹೊತ್ತ ಕಟ್ಟಡವನ್ನ ಚೌಕಾಸಿ ಮಾಡದೆ ಕೊಂಡ್ಕೊಳ್ತಾನೆ. ವ್ಯಾಪಾರ ಗೊತ್ತಿಲ್ಲದೆ ಅಲ್ಲ ಸ್ವಾಮಿ. ಆ ಇಟ್ಟಿಗೆಗೆ ರೇಟು ಕಟ್ಟೋಕೆ ಅವನಿಗೆ ಆಗಲ್ಲ.

ನಾನು ಇದನ್ನ ಯಾಕೆ ಹೇಳ್ತಿದ್ದೀನಿ? ಯಾರೋ ಅರೆಸ್ಟ್ ಆದ ಅಂದ್ರೆ, ಹತ್ತು ನಿಮಿಷದಲ್ಲಿ ನಮ್ಮ ಸ್ಕ್ರೀನ್ ಮೇಲೆ ಕಾರಣ ಬಂದಿರುತ್ತೆ. ದುರಾಸೆ, ಹುಚ್ಚು ಪ್ರೀತಿ, ಕೆಟ್ಟ ಸಹವಾಸ. ನಾನೇ ಎಷ್ಟೋ ಸಲ ಓದಿದ್ದೀನಿ. ಅದೂ ಒಂಥರಾ ಹಚ್ಚೆಯೇ. ಆಮೇಲೆ ಅವನು ನಿರಪರಾಧಿ ಅಂತ ಕೋರ್ಟ್ ಹೇಳಿದರೂ ಅಳಿಸೋಕೆ ನಾವು ಹೋಗಲ್ಲ.

ಹಾಗಂತ ‘ದೀವಾರ್’ ವಿಜಯ್‌ಗೆ ಮಾಫಿ ಕೊಡಲ್ಲ. ತಮ್ಮ ರವಿ ಪೊಲೀಸ್ ಅಧಿಕಾರಿ. ಅದೇ ಅಪ್ಪ, ಅದೇ ಹಸಿವು. ತಪ್ಪೊಪ್ಪಿಗೆ ಕಾಗದಕ್ಕೆ ಸಹಿ ಹಾಕು ಅಂತಾನೆ. ನನ್ನ ಕೈ ಮೇಲೆ ಬರೆದವನ ಸಹಿ ಮೊದಲು ತಗೊಂಡು ಬಾ ಅಂತಾನೆ ಅಣ್ಣ. ಬೇರೆಯವರ ಪಾಪ ಲೆಕ್ಕ ಹಾಕಿದರೆ ನಿನ್ನದು ಕಮ್ಮಿ ಆಗಲ್ಲ ಅಂತಾನೆ ತಮ್ಮ. ಇಬ್ಬರ ನಡುವೆ ಅಮ್ಮ ನಿಂತಿರ್ತಾಳೆ. ಆಮೇಲೆ ರವಿ ಜೊತೆ ಹೊರಟುಬಿಡ್ತಾಳೆ.