ಕಾರ್ಯಾಚರಣೆ ನಿರ್ವಹಣೆ

ಕಚ್ಚಾವಸ್ತು, ಯಂತ್ರ, ದುಡಿಮೆ, ಮಾಹಿತಿಗಳನ್ನು ಕೂಡಿಸಿ ಸರಕನ್ನೋ ಸೇವೆಯನ್ನೋ ಸಿದ್ಧಪಡಿಸುವ ಕೆಲಸವನ್ನು ಯೋಜಿಸಿ, ನಡೆಸಿ, ತಿದ್ದುವ ಶಾಸ್ತ್ರ. ಮೊದಲು ಉತ್ಪಾದನಾ ನಿರ್ವಹಣೆ ಎನಿಸಿಕೊಂಡಿದ್ದ ಇದರ ವ್ಯಾಪ್ತಿಗೆ ಈಗ ಆಸ್ಪತ್ರೆ, ಬ್ಯಾಂಕು, ಹೋಟೆಲುಗಳೂ ಸೇರಿವೆ. ಏನನ್ನು, ಎಷ್ಟು, ಯಾವಾಗ ತಯಾರಿಸಬೇಕು, ಎಷ್ಟು ದಾಸ್ತಾನು ಇಡಬೇಕು, ಗುಣಮಟ್ಟ ಕಾಯುವುದು ಹೇಗೆ ಎಂಬವು ಇದರ ಮುಖ್ಯ ಪ್ರಶ್ನೆಗಳು.

ಯಾವುದೇ ಸರಣಿ ಕೆಲಸದ ಒಟ್ಟು ವೇಗವನ್ನು ಅದರ ಅತಿ ನಿಧಾನದ ಹಂತವೇ ನಿರ್ಧರಿಸುತ್ತದೆ. ಉಳಿದ ಹಂತಗಳನ್ನು ಚುರುಕುಗೊಳಿಸಿದರೆ ನಡುವೆ ರಾಶಿ ಬೆಳೆಯುತ್ತದೆಯೇ ಹೊರತು ಉತ್ಪಾದನೆಯಲ್ಲ. ಕಾಯುವಿಕೆಗೂ ಲೆಕ್ಕವಿದೆ. ಆಸ್ಪತ್ರೆಗೆ ಗಂಟೆಗೆ 20 ಹೊರರೋಗಿಗಳು ಬಂದು, ಒಬ್ಬೊಬ್ಬರೂ ಸರಾಸರಿ 2 ಗಂಟೆ ಉಳಿದರೆ, ಒಳಗೆ ಸರಾಸರಿ 40 ಮಂದಿ ಇರುತ್ತಾರೆ. ಈ ಸರಳ ಗುಣಾಕಾರಕ್ಕೆ ಜಾನ್ ಲಿಟಲ್ 1961ರಲ್ಲಿ ಗಣಿತದ ರುಜುವಾತು ಒದಗಿಸಿದ.

ಚರಿತ್ರೆಯನ್ನು ಸಾಮಾನ್ಯವಾಗಿ ಆಡಂ ಸ್ಮಿತ್‌ನಿಂದ ಆರಂಭಿಸುತ್ತಾರೆ. ಕೆಲಸ ಹಂಚಿಕೊಂಡ 10 ಮಂದಿ ದಿನಕ್ಕೆ 48,000 ಗುಂಡುಸೂಜಿ ತಯಾರಿಸಬಲ್ಲರೆಂದು ಅವನು 1776ರಲ್ಲಿ ಬರೆದ. 1911ರಲ್ಲಿ ಫ್ರೆಡರಿಕ್ ಟೇಲರ್ ಕೆಲಸದ ಪ್ರತಿ ಚಲನೆಯನ್ನೂ ಗಡಿಯಾರ ಹಿಡಿದು ಅಳೆಯುವ 'ವೈಜ್ಞಾನಿಕ ನಿರ್ವಹಣೆ'ಯನ್ನು ಪುಸ್ತಕವಾಗಿಸಿದ. ಅದೇ ವರ್ಷ ಅಮೆರಿಕದ ವಾಟರ್‌ಟೌನ್ ಶಸ್ತ್ರಾಗಾರದ ಕಾರ್ಮಿಕರು ಆ ಗಡಿಯಾರದ ವಿರುದ್ಧವೇ ಮುಷ್ಕರ ಹೂಡಿದ್ದನ್ನು ಪಠ್ಯಪುಸ್ತಕಗಳು ಒಂದೆರಡು ಸಾಲಿನಲ್ಲಿ ಮುಗಿಸುವುದು ಸರಿಯಲ್ಲ. 1913ರಲ್ಲಿ ಹೆನ್ರಿ ಫೋರ್ಡ್‌ನ ಹೈಲೆಂಡ್ ಪಾರ್ಕ್ ಕಾರ್ಖಾನೆಯಲ್ಲಿ ಕಾರು ಕಾರ್ಮಿಕನ ಮುಂದೆ ಸಾಗಿಬರತೊಡಗಿತು. ಸುಮಾರು 12 ಗಂಟೆಯ ಜೋಡಣೆ ಒಂದೂವರೆ ಗಂಟೆಗೆ ಇಳಿಯಿತು. ಏಕತಾನದ ಆ ದುಡಿಮೆಗೆ ಜನ ನಿಲ್ಲದೇ ಹೋದಾಗ ಫೋರ್ಡ್ 1914ರಲ್ಲಿ ದಿನಕ್ಕೆ 5 ಡಾಲರ್ ಕೂಲಿ ಘೋಷಿಸಬೇಕಾಯಿತು. 1924ರಲ್ಲಿ ವಾಲ್ಟರ್ ಷೂಹಾರ್ಟ್ ರೂಪಿಸಿದ, ತಯಾರಿಕೆಯ ಏರಿಳಿತ ಸಹಜವೋ ಅಲ್ಲವೋ ಎಂದು ತೋರಿಸುವ ನಿಯಂತ್ರಣ ನಕ್ಷೆ ಗುಣಮಟ್ಟಕ್ಕೆ ಸಂಖ್ಯಾಶಾಸ್ತ್ರದ ನೆಲೆ ಕೊಟ್ಟಿತು.

ಎರಡನೆಯ ಮಹಾಯುದ್ಧದ ನಂತರ ಬಂಡವಾಳವೂ ಜಾಗವೂ ಕಡಿಮೆಯಿದ್ದ ಜಪಾನಿನಲ್ಲಿ ಈ ಚಿಂತನೆ ತಿರುಗಿ ನಿಂತಿತು. ಟೊಯೋಟಾದ ತಾಯಿಚಿ ಓನೊ ಅಗತ್ಯ ಮೀರಿದ ಉತ್ಪಾದನೆಯನ್ನೇ ಅತಿ ದೊಡ್ಡ ಪೋಲು ಎಂದು ಭಾವಿಸಿದ. ಅಮೆರಿಕದ ಸೂಪರ್ ಮಾರ್ಕೆಟ್ಟುಗಳಲ್ಲಿ ಗಿರಾಕಿ ಒಯ್ದಷ್ಟನ್ನು ಮಾತ್ರ ಮತ್ತೆ ತುಂಬುವ ಪದ್ಧತಿ ಅವನಿಗೆ ಮಾದರಿಯಾಯಿತು. ಮುಂದಿನ ಹಂತದಿಂದ 'ಕಾನ್‌ಬಾನ್' ಚೀಟಿ ಬಂದರಷ್ಟೇ ಹಿಂದಿನ ಹಂತ ಬಿಡಿಭಾಗ ತಯಾರಿಸಬೇಕು. ದೋಷ ಕಂಡರೆ ಸಾಮಾನ್ಯ ಕಾರ್ಮಿಕನೂ ಹಗ್ಗ ಎಳೆದು ಸಾಲನ್ನು ನಿಲ್ಲಿಸಬಹುದು. ನೂಲು ಹರಿದೊಡನೆ ತಾನೇ ನಿಲ್ಲುವ ಸಾಕಿಚಿ ಟೊಯೋಡಾನ ಮಗ್ಗ ಇದಕ್ಕೆ ಮೂಲ. ಬೆಂಗಳೂರಿನ ಬಳಿಯ ಬಿಡದಿಯಲ್ಲಿರುವ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯೂ ಇದೇ ಪದ್ಧತಿಯದು.

ಬೇಕಾದಾಗಷ್ಟೇ ತಯಾರಿಸುವ ಈ ದಾಸ್ತಾನಿಲ್ಲದ ವ್ಯವಸ್ಥೆಗೆ ತನ್ನದೇ ಅಪಾಯವಿದೆ. 1997ರಲ್ಲಿ ಟೊಯೋಟಾಗೆ ಬಿಡಿಭಾಗ ಪೂರೈಸುವ ಐಸಿನ್ ಕಂಪನಿಯ ಒಂದು ಕಾರ್ಖಾನೆಗೆ ಬೆಂಕಿ ಬಿದ್ದು, ಬ್ರೇಕಿನ ಸಣ್ಣ ಕವಾಟ ಸಿಗದೆ ಜಪಾನಿನ ಟೊಯೋಟಾ ಘಟಕಗಳು ಕೆಲವು ದಿನ ಸ್ತಬ್ಧವಾದವು. 2011ರ ಜಪಾನ್ ಭೂಕಂಪದ ಬಳಿಕ ಅದೇ ಟೊಯೋಟಾ, ತಿಂಗಳುಗಟ್ಟಲೆಗೆ ಸಾಲುವಷ್ಟು ಚಿಪ್ ಕೂಡಿಡುವಂತೆ ಪೂರೈಕೆದಾರರಿಗೆ ಹೇಳಿತು. 2021ರ ಚಿಪ್ ಅಭಾವವನ್ನು ಅದು ಆರಂಭದಲ್ಲಿ ಪ್ರತಿಸ್ಪರ್ಧಿಗಳಿಗಿಂತ ಚೆನ್ನಾಗಿ ತಾಳಿಕೊಂಡದ್ದು ಆ ದಾಸ್ತಾನಿನ ಬಲದಿಂದ.