ಲಂಡನ್ನಿನ ಬೋ ಚರ್ಚಿನ ಗಂಟೆಗಳು: ಬಿದ್ದದ್ದು, ಎದ್ದದ್ದು



ಸಹಕಾರ ಸಂಘದ ಬೆಳ್ಳಿಹಬ್ಬದ ಸಂಚಿಕೆ ಎಂದ ಮೇಲೆ ಇಂಗ್ಲೆಂಡಿನ ರಾಚ್‌ಡೇಲ್ ಊರಿನ ಕೆಲಸಗಾರರು 1844ರಲ್ಲಿ ಅಂಗಡಿ ತೆರೆದದ್ದು, ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಸಂಘ ಕಟ್ಟಿದ್ದು, ಇವೆರಡೂ ಇರಲೇಬೇಕು. ಅದನ್ನು ಬರೆಯಲು ನಮಗಿಂತ ತಿಳಿದ ಹಿರಿಯರಿದ್ದಾರೆ. ನಾವು ಅದೇ ಇಂಗ್ಲೆಂಡಿನ ಇನ್ನೊಂದು ಸಂಗತಿ ಹೇಳುತ್ತೇವೆ. ಅದು ಒಂದು ಚರ್ಚಿನ ಗಂಟೆಗಳದ್ದು. ಸಂಘಕ್ಕೂ ಚರ್ಚಿನ ಗಂಟೆಗೂ ಎತ್ತಣ ಸಂಬಂಧ ಅಂತ ಕೇಳಬಹುದು. ಹತ್ತು ಜನರ ಸೊತ್ತು ನೆಲಕ್ಕೆ ಬಿದ್ದರೆ ಮತ್ತೆ ಎತ್ತಿ ನಿಲ್ಲಿಸೋದು ಹೇಗೆ ಅನ್ನೋದು ನಮಗೂ ಬೇಕಾದ ವಿಷಯವೇ.

ಲಂಡನ್ನಿನ ಚೀಪ್‌ಸೈಡ್ ಎಂಬ ಹಳೆಯ ಪೇಟೆ ಬೀದಿಯಲ್ಲಿ ಸೇಂಟ್ ಮೇರಿ ಲೆ ಬೋ ಎಂಬ ಚರ್ಚು ಇದೆ. ಬೋ ಎಂದರೆ ಕಮಾನು. ನೆಲಮಾಳಿಗೆಯ ಕಲ್ಲಿನ ಕಮಾನುಗಳಿಂದ ಆ ಹೆಸರು ಬಂತು. 1666ರಲ್ಲಿ ಲಂಡನ್ನಿಗೆ ಬಿದ್ದ ದೊಡ್ಡ ಬೆಂಕಿಯಲ್ಲಿ ಹಳೆಯ ಚರ್ಚು ಸುಟ್ಟುಹೋಯಿತು. ಆಮೇಲೆ ಕ್ರಿಸ್ಟೋಫರ್ ರೆನ್ ಎಂಬ ಹೆಸರಾಂತ ಶಿಲ್ಪಿ ಹೊಸದನ್ನು ಕಟ್ಟಿದ. ಬೆಂಕಿಗಿಂತ ಬಹಳ ಹಿಂದೆಯೇ ರಾತ್ರಿ ಒಂಬತ್ತಕ್ಕೆ ಈ ಚರ್ಚಿನ ಗಂಟೆ ಬಾರಿಸುತ್ತಿದ್ದರು. ಪೇಟೆಯವರಿಗೆ ಅದೇ ದಿನ ಮುಗಿದ ಗುರುತು.

ಡಿಕ್ ವಿಟಿಂಗ್ಟನ್ ಮತ್ತು ಅವನ ಬೆಕ್ಕಿನ ಕಥೆಯನ್ನು ಕೆಲವರಾದರೂ ಓದಿರಬಹುದು. ಲಂಡನ್ ಬೇಡವೆಂದು ಹೊರಟ ಬಡ ಹುಡುಗನಿಗೆ ದೂರದಿಂದ ಬೋ ಗಂಟೆಗಳು "ತಿರುಗಿ ಬಾ, ನೀನು ಮೇಯರ್ ಆಗುವೆ" ಎಂದಂತೆ ಕೇಳಿತಂತೆ. ಬೆಕ್ಕು, ಗಂಟೆ ಎಲ್ಲ ಕಟ್ಟುಕಥೆ. ಆದರೆ ವಿಟಿಂಗ್ಟನ್ ಎಂಬ ಬಟ್ಟೆ ವ್ಯಾಪಾರಿ ನಿಜವಾಗಿ ಇದ್ದ, ಮೇಯರೂ ಆದ, 1423ರಲ್ಲಿ ತೀರಿಕೊಂಡ. ಈ ಗಂಟೆಯ ದನಿ ಕೇಳುವಷ್ಟು ಹತ್ತಿರದಲ್ಲಿ ಹುಟ್ಟಿದವನೇ ಅಸಲಿ ಲಂಡನ್ನಿನವ, ಅಂದರೆ 'ಕಾಕ್ನಿ', ಎಂಬ ಮಾತೂ ಇದೆ.

ಅಲ್ಲಿನ ಗಂಟೆ ನಮ್ಮ ದೇವಸ್ಥಾನದ ಗಂಟೆಯ ಹಾಗಲ್ಲ. ನಮ್ಮಲ್ಲಿ ಗಂಟೆ ನಿಂತಿರುತ್ತದೆ, ನಾಲಗೆ ಎಳೆಯುತ್ತೇವೆ. ಅಲ್ಲಿ ಗಂಟೆಯನ್ನು ದೊಡ್ಡ ಚಕ್ರಕ್ಕೆ ಕಟ್ಟಿ, ಕೆಳಗಿನಿಂದ ಹಗ್ಗ ಎಳೆದು, ಬಾಯಿ ಮೇಲಾಗುವಂತೆ ಇಡೀ ಗಂಟೆಯನ್ನೇ ಸುತ್ತು ತಿರುಗಿಸುತ್ತಾರೆ. ಒಬ್ಬರಿಗೆ ಒಂದೇ ಗಂಟೆ. ಹಾಡು ನುಡಿಸೋದಿಲ್ಲ, ಬಾರಿಸುವ ಸರದಿಯನ್ನು ಬದಲಿಸುತ್ತಾ ಹೋಗುತ್ತಾರೆ. ಎಂಟು ಗಂಟೆಗಳ ಸರದಿಯನ್ನು 40,320 ರೀತಿಯಲ್ಲಿ ಬದಲಿಸಬಹುದು. 1963ರಲ್ಲಿ ಲಫ್‌ಬರೋ ಎಂಬ ಊರಿನಲ್ಲಿ ಎಂಟು ಜನ ಒಂದನ್ನೂ ಬಿಡದೆ ಅಷ್ಟನ್ನೂ ಬಾರಿಸಿದರು. ಹಿಡಿದ ಸಮಯ 17 ಗಂಟೆ 58 ನಿಮಿಷ. ಯಾರೊಬ್ಬರ ಕೈ ತಪ್ಪಿದರೂ ಎಲ್ಲರದೂ ಕೆಟ್ಟಂತೆ. ನಮ್ಮ ಆಡಳಿತ ಮಂಡಳಿ ಸಭೆ ಎರಡು ಗಂಟೆ ದಾಟಿದರೆ ನಾವೇ ಗಡಿಯಾರ ನೋಡುತ್ತೇವೆ!

ಬೋ ಚರ್ಚಿನಲ್ಲಿ ಮೊದಲು ಹತ್ತು ಗಂಟೆಗಳಿದ್ದವು, 1881ರಲ್ಲಿ ಇನ್ನೆರಡು ಸೇರಿ ಹನ್ನೆರಡಾದವು. 1920ರ ದಶಕದ ಹೊತ್ತಿಗೆ ಅವು ಬಾರಿಸಲಾಗದಷ್ಟು ಹದಗೆಟ್ಟಿದ್ದವು. ಸೆಲ್ಫ್‌ರಿಡ್ಜ್ ಎಂಬ ದೊಡ್ಡ ಅಂಗಡಿಕಾರ ದುಡ್ಡು ಕೊಟ್ಟ, 1933ರಲ್ಲಿ ದುರಸ್ತಿ ಮುಗಿಯಿತು. ಅಷ್ಟರಲ್ಲಿ ಮಹಾಯುದ್ಧ ಬಂತು. ಶತ್ರು ಸೈನ್ಯ ಇಳಿದರೆ ಮಾತ್ರ ಬಾರಿಸಬೇಕೆಂದು 1940ರ ಜೂನ್‌ನಲ್ಲಿ ಇಂಗ್ಲೆಂಡಿನ ಎಲ್ಲ ಚರ್ಚುಗಳ ಗಂಟೆ ನಿಲ್ಲಿಸಿದರು. 1941ರ ಮೇ 10ರ ರಾತ್ರಿ ಜರ್ಮನ್ ಬಾಂಬು ಬಿದ್ದು ಚರ್ಚು ಹೊತ್ತಿ ಉರಿಯಿತು. ಗಂಟೆಗಳು ಗೋಪುರದಿಂದ ಕಳಚಿ ನೆಲಕ್ಕೆ ಬಿದ್ದು ಒಡೆದವು. ಉಳಿದದ್ದು ಗೋಪುರ, ಹೊರಗೋಡೆ.

ವಿಚಿತ್ರ ನೋಡಿ, ಗಂಟೆ ಹೋದರೂ ದನಿ ಉಳಿಯಿತು. ಬಿ.ಬಿ.ಸಿ.ಯವರು 1926ರಲ್ಲೇ ಅದನ್ನು ಮುದ್ರಿಸಿಕೊಂಡಿದ್ದರು. ಯುದ್ಧದ ಕಾಲದಲ್ಲಿ ಅದೇ ದನಿಯನ್ನು ರೇಡಿಯೋದಲ್ಲಿ ಬಿತ್ತರಿಸುತ್ತಿದ್ದರು. ಜರ್ಮನರ ಕೈಕೆಳಗಿದ್ದ ದೇಶಗಳ ಜನ ಕದ್ದುಮುಚ್ಚಿ ಕೇಳುತ್ತಿದ್ದರು.

ಒಡೆದ ಲೋಹವನ್ನು ಗುಜರಿಗೆ ಹಾಕಲಿಲ್ಲ. ಗಂಟೆ ಕಂಚಿನದು, ನಾಲ್ಕರಲ್ಲಿ ಮೂರು ಪಾಲಿಗಿಂತ ತುಸು ಹೆಚ್ಚು ತಾಮ್ರ, ಮಿಕ್ಕದ್ದು ತವರ. ಬಿರುಕು ಬಿಟ್ಟ ಗಂಟೆಗೆ ತೇಪೆ ಹಾಕಿದರೆ ಹಳೆಯ ನಾದ ಬರೋದು ಕಷ್ಟ, ಕರಗಿಸಿ ಹೊಸದಾಗಿ ಎರೆಯೋದೇ ಸರಿ. ಇದು ನಾಗಮಂಗಲದ ಕಂಚುಗಾರರಿಗೂ ಗೊತ್ತಿರುವ ವಿದ್ಯೆಯೇ. 1956ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಗಂಟೆ ಕಾರ್ಖಾನೆಯವರು ಆ ಹಳೆಯ ಲೋಹದಿಂದಲೇ ಹನ್ನೆರಡು ಗಂಟೆ ಎರೆದರು. ಆ ಕಾರ್ಖಾನೆಯಲ್ಲಿ ಅಚ್ಚಿನ ಮಣ್ಣಿಗೆ ಮೇಕೆ ಕೂದಲು, ಕುದುರೆ ಲದ್ದಿ ಬೆರೆಸುತ್ತಿದ್ದರು. ಬಿಸಿ ಲೋಹದ ಆವಿ ಹೊರಗೆ ಹೋಗಲು ದಾರಿ ಬೇಕಲ್ಲ. ಎರೆದ ಮೇಲೆ ಒಳಮೈಯನ್ನು ಕೆರೆದು ಕೆರೆದು ಶ್ರುತಿ ಕೂಡಿಸುತ್ತಾರೆ. ಹೆಚ್ಚು ಕೆರೆದರೆ ಮತ್ತೆ ಹಾಕಲು ಬರೋದಿಲ್ಲ. ಹನ್ನೆರಡರಲ್ಲಿ ದೊಡ್ಡದರ ತೂಕ 21 ಕ್ವಿಂಟಾಲಿಗೂ ಮಿಕ್ಕಿ. ಪ್ರತಿ ಗಂಟೆಯ ಮೇಲೂ ಒಂದು ಬೈಬಲ್ ವಾಕ್ಯವಿದೆ, ಹನ್ನೆರಡು ವಾಕ್ಯಗಳ ಮೊದಲ ಅಕ್ಷರಗಳನ್ನು ಕೂಡಿಸಿ ಓದಿದರೆ 'ಡಿ. ವಿಟಿಂಗ್ಟನ್' ಎಂದಾಗುತ್ತದೆ. ಕಟ್ಟುಕಥೆಯ ಹುಡುಗನನ್ನೂ ಅವರು ಬಿಡಲಿಲ್ಲ!

ಗಂಟೆ ಎರೆದರೆ ಸಾಲದು, ತೂಗುಹಾಕಲು ಗೋಪುರ ಗಟ್ಟಿಯಾಗಬೇಕು. ಆ ಕೆಲಸ ಮುಗಿದು ಬೋ ಗಂಟೆಗಳು ಮತ್ತೆ ಬಾರಿಸಿದ್ದು 1961ರಲ್ಲಿ. ಇಡೀ ಚರ್ಚಿನ ಪುನಃ ಪ್ರತಿಷ್ಠೆ ಆದದ್ದು 1964ರಲ್ಲಿ. ನಡುವಿನ ಇಪ್ಪತ್ತು ವರ್ಷ ಆ ಪೇಟೆಯಲ್ಲಿ ಹುಟ್ಟಿದ ಮಕ್ಕಳು, ಮಾತಿನ ಪ್ರಕಾರ ನೋಡಿದರೆ, ಲಂಡನ್ನಿನವರೇ ಅಲ್ಲ! ಹಳೆಯ ಗಂಟೆಯೋ ಹೊಸ ಗಂಟೆಯೋ ಎಂದು ಯಾರಾದರೂ ವಾದ ಮಾಡಬಹುದು. ಲೋಹ ಅದೇ, ಜಾಗ ಅದೇ, ಕಾಯುತ್ತಿದ್ದ ಊರೂ ಅದೇ. ನಮ್ಮ ಪ್ರಕಾರ ಅದು ಹಳೆಯ ಗಂಟೆಯೇ.

ಆದರೆ ಒಂದು ವಿಷಯ ಮನಸ್ಸಿಗೆ ಕಸಿವಿಸಿ ಮಾಡುತ್ತದೆ. ಬೋ ಗಂಟೆಗಳನ್ನು ಎರೆದ ವೈಟ್‌ಚಾಪೆಲ್ ಕಾರ್ಖಾನೆ 1570ರಿಂದ ನಡೆದುಬಂದಿತ್ತು. ಲಂಡನ್ನಿನ ಬಿಗ್ ಬೆನ್ ಗಂಟೆಯನ್ನು 1858ರಲ್ಲಿ ಎರೆದವರೂ ಅವರೇ. ಅದು 2017ರಲ್ಲಿ ಬಾಗಿಲು ಹಾಕಿತು. ಆ ದೇಶದಲ್ಲಿ ದೊಡ್ಡ ಗಂಟೆ ಎರೆಯುವ ಹೆಸರಾಂತ ಕಾರ್ಖಾನೆ ಎಂದು ಉಳಿದಿರುವುದು, ಆ ಎಂಟು ಜನ ಹದಿನೆಂಟು ತಾಸು ಹಗ್ಗ ಎಳೆದ ಲಫ್‌ಬರೋದಲ್ಲಿನದು.